ಇಂಟರ್‌ವ್ಯೂನಲ್ಲಿ ಮಾಲೀಕ ಕೆಟ್ಟದಾಗಿ ನಡೆದುಕೊಂಡ, ನಾನು ನಕ್ಕುಬಿಟ್ಟೆ. ಈಗ ಆಫರ್ ಬಂದಿದೆ

ಬನಶಂಕರಿ ಬಸ್ಸು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಏಳು ವರ್ಷದಿಂದ ಕ್ಲೈಂಟ್ ಸರ್ವಿಸಿಂಗ್ ಕೆಲಸ ಮಾಡುತ್ತಿದ್ದೇನೆ. ಹೋದ ಗುರುವಾರ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಂದು ಸಣ್ಣ ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಕಂಪನಿ ಅಂದರೆ ಒಂದು ಮನೆಯ ಮೊದಲನೇ ಮಹಡಿ. ಒಟ್ಟು ಎಂಟು ಜನ ಇದ್ದಾರಂತೆ. ನಾನು ಹೋದಾಗ ಒಬ್ಬ ಹುಡುಗ ಇದ್ದ, ಅವನೂ ಊಟಕ್ಕೆ ಅಂತ ಕೆಳಗೆ ಹೋದ. ಇಂಟರ್‌ವ್ಯೂ ಮಾಡಿದ್ದು ಮಾಲೀಕರೇ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಶುರುವಾಯಿತು. ಮದುವೆ ಆಗಿದೆಯಾ? ಇಲ್ಲ. ಯಾಕೆ? ಬಾಯ್‌ಫ್ರೆಂಡ್ ಇರಬೇಕಲ್ಲ? ನಮ್ಮ ಕ್ಲೈಂಟ್‌ಗಳು ಸಂಜೆ ಹೊತ್ತು ಕೂತು ಮಾತಾಡೋಣ ಅಂತಾರೆ, ನಿಮ್ಮಂಥವರು ಎದುರಿಗೆ ಕೂತಿದ್ರೆ ಅರ್ಧ ಡೀಲ್ ಆದಂಗೆ. ಹೀಗೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಏನೋ ತೋರಿಸುತ್ತೇನೆ ಅಂತ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. "ಈ ಕಾಲದಲ್ಲಿ ಇಷ್ಟುದ್ದ ಜಡೆ ಎಲ್ಲಿ ನೋಡೋಕೆ ಸಿಗುತ್ತೆ" ಅಂತ ಜಡೆಯ ತುದಿ ಹಿಡಿದು ನೋಡಿದರು. ಹೂವಿನಂಗಡಿಯಲ್ಲಿ ಹೂವಿನ ಮಾಲೆ ಹಿಡಿದು ನೋಡ್ತಾರಲ್ಲ, ಹಾಗೆ.

ನಾನು ಏನು ಮಾಡಿದೆ ಗೊತ್ತಾ? ನಕ್ಕೆ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು. ಹೊರಡುವಾಗ ಥ್ಯಾಂಕ್ಯೂ ಸಾರ್ ಅಂತ ಬೇರೆ ಹೇಳಿದೆ. ಸಿಲ್ಕ್ ಬೋರ್ಡ್‌ನಲ್ಲಿ ಮೆಟ್ರೋ ಹತ್ತಿ ಆರ್‌ವಿ ರೋಡ್ ಬರೋವರೆಗೂ ಅದೇ ನಗು ಮುಖದ ಮೇಲಿತ್ತು ಅನಿಸುತ್ತೆ.

ನಿನ್ನೆ ಆಫರ್ ಲೆಟರ್ ಬಂದಿದೆ. ಈಗಿನ ಸಂಬಳಕ್ಕಿಂತ ಕಾಲು ಭಾಗ ಜಾಸ್ತಿ. ಸೇರಲ್ಲ, ಅದು ಬಿಡಿ. ಆ ಹೊತ್ತಿನಲ್ಲಿ ಏನು ಹೇಳಬೇಕಿತ್ತು? ದೂರು ಕೊಡಬಹುದಾ? ಕೊಟ್ಟರೆ, ನಾನು ನಕ್ಕಿದ್ದು ನನಗೇ ತಿರುಗುತ್ತಾ?

ಬೈಟು ಕಾಫಿ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಕ್ಕಿದ್ದು ನಿಮ್ಮ ತಪ್ಪಲ್ಲ. ನಾನೂ ನಕ್ಕಿದ್ದೇನೆ, ನನ್ನ ಅಕ್ಕನೂ ನಕ್ಕಿದ್ದಾಳೆ. ಬಾಗಿಲು ಅವನ ಹಿಂದೆ, ಮನೆಯಲ್ಲಿ ಇನ್ನೊಬ್ಬರಿಲ್ಲ. ಅಂಥ ಕಡೆ ನಗು ಬರೋದು ಖುಷಿಗಲ್ಲ, ಸುರಕ್ಷಿತವಾಗಿ ಮೆಟ್ಟಿಲು ಇಳಿಯೋಕೆ.

ಟ್ರಾಫಿಕ್ ತಪಸ್ವಿ:
ಜಡೆ ಮುಟ್ಟಿದ್ದು ತಪ್ಪೇ, ಎರಡು ಮಾತಿಲ್ಲ. ಆದರೆ ಮದುವೆ ಆಗಿದೆಯಾ ಅಂತ ಕೇಳಿದ್ದನ್ನೂ ಅದರ ಜೊತೆ ಸೇರಿಸಬೇಡಿ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳ್ತಾರೆ.

ಬೈಟು ಕಾಫಿ:
ಬಸ್ಸಿನಲ್ಲಿ ಕೇಳಿದ ಅಜ್ಜಿ ನನಗೆ ಸಂಬಳ ಕೊಡಲ್ಲ ಸಾರ್.

ಮಾಜಿ ಎಚ್‌ಆರ್:
ಹದಿನಾಲ್ಕು ವರ್ಷ ಮೇಜಿನ ಆ ಕಡೆ ಕೂತವಳು ನಾನು. ಮದುವೆ, ಮಕ್ಕಳು ಅಂತ ಕೇಳೋದು ಕುಶಲ ವಿಚಾರಿಸೋಕಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆವತ್ತಿನಿಂದ ಕೆಲವರು ಬಾಯಲ್ಲಿ ಕಂಗ್ರಾಟ್ಸ್ ಅಂದರು, ತಲೆಯಲ್ಲಿ ಲೆಕ್ಕ ಹಾಕಿದರು. ನಾನು ಕೂತ ಮೀಟಿಂಗ್‌ಗಳಲ್ಲೇ "ಈಗಷ್ಟೇ ಮದುವೆ ಆಗಿದೆ, ಬೇಡ" ಅಂತ ರೆಸ್ಯೂಮ್ ಪಕ್ಕಕ್ಕಿಟ್ಟಿದ್ದನ್ನು ನೋಡಿದ್ದೇನೆ. ಆಗ ಸುಮ್ಮನಿದ್ದೆ, ಅದಕ್ಕೆ ಈಗ ನಾಚಿಕೆ ಆಗುತ್ತೆ. ಅಂದಹಾಗೆ ಆಫೀಸು, ಅಂಗಡಿಗಳ ಮಟ್ಟಿಗೆ ಆ ರಜೆಯ ಕಾನೂನು ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆಗೆ. ಎಂಟು ಜನರ ಆಫೀಸಿನಲ್ಲಿ ಇವನಿಗೆ ಆ ನೆಪವೂ ಇಲ್ಲ.

ನಾನು ಈಗ ಹುಡುಗಿಯರಿಗೆ ಹೇಳಿಕೊಡುವ ಉತ್ತರ ಇದು: "ಕೆಲಸಕ್ಕೆ ಊರೂರು ಸುತ್ತಬೇಕಾ, ರಾತ್ರಿ ಶಿಫ್ಟ್ ಇದೆಯಾ ಹೇಳಿ ಸಾರ್. ಅದು ನನ್ನಿಂದ ಆಗುತ್ತಾ ಇಲ್ವಾ ಹೇಳ್ತೀನಿ." ನಗಬೇಡಿ, ಸಿಟ್ಟೂ ಬೇಡ. ಕೇಳಿದವರಲ್ಲಿ ಅರ್ಧ ಜನ ಅಲ್ಲೇ ತಣ್ಣಗಾಗ್ತಾರೆ.

ಟ್ರಾಫಿಕ್ ತಪಸ್ವಿ:
ಉಳಿದರ್ಧ ಜನ?

ಮಾಜಿ ಎಚ್‌ಆರ್:
ಉಳಿದರ್ಧದವರ ಕೈಕೆಳಗೆ ಕೆಲಸ ಮಾಡೋದು ಬೇಡ ಅಂತ ಅಲ್ಲೇ ಗೊತ್ತಾಯ್ತಲ್ಲ.

ಕೋಡು ಬಳೆ 404:
ಸತ್ಯ ಹೇಳ್ತೀನಿ, ಬೈಬೇಡಿ. ನೀವು ಅಲ್ಲಿಯ ಉದ್ಯೋಗಿ ಅಲ್ಲ. ಕೆಲಸದ ಕಡೆ ಲೈಂಗಿಕ ಕಿರುಕುಳ ತಡೆಯೋಕೆ ಇರೋ ಪಾಶ್ ಕಾಯ್ದೆ ಉದ್ಯೋಗಿಗಳಿಗೆ ಮಾತ್ರ. ಸುಮ್ನೆ ಓಡಾಡಿ ಸುಸ್ತಾಗ್ತೀರಿ.

ಕರಿ ಕೋಟು:
ಕೋಡು ಬಳೆಯವರೇ, ಇದು ತಪ್ಪು. ತುಂಬಾ ಜನ ಹೀಗೇ ಅಂದುಕೊಂಡು ಸುಮ್ಮನಾಗುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2013ರ ಈ ಪಾಶ್ ಕಾಯ್ದೆಯಲ್ಲಿ ನೊಂದ ಮಹಿಳೆ ಅಂದರೆ ಯಾವ ವಯಸ್ಸಿನವರಾದರೂ ಸರಿ, ಅಲ್ಲಿ ಉದ್ಯೋಗಿಯಾಗಿರಲಿ, ಆಗದಿರಲಿ ಅಂತ ಬಿಡಿಸಿ ಬರೆದಿದ್ದಾರೆ. ಇಂಟರ್‌ವ್ಯೂಗೆ ಬಂದವರು, ಟ್ರೈನಿ, ಫೈಲ್ ಕೊಡೋಕೆ ಬಂದ ಗ್ರಾಹಕಿ, ಎಲ್ಲರೂ ಅದರೊಳಗೆ ಬರುತ್ತಾರೆ. ಮುಟ್ಟಿದರೆ ಮಾತ್ರ ಅಂತಲೂ ಇಲ್ಲ. ಅಶ್ಲೀಲ ಮಾತು, ಬೇಡದ ಸನ್ನೆ, "ಹೀಗಿದ್ದರೆ ಕೆಲಸ" ಅನ್ನೋ ಸೂಚನೆ, ಇವೂ ಕಿರುಕುಳವೇ.

ಎಲ್ಲಿಗೆ ಕೊಡೋದು? ಹತ್ತು ಜನರಿಗಿಂತ ಕಡಿಮೆ ಇರೋ ಕಡೆ ಇಂಥ ದೂರು ಕೇಳೋಕೆ ಕಂಪನಿಯದೇ ಆಂತರಿಕ ಸಮಿತಿ ಇರಬೇಕಂತಿಲ್ಲ. ಮೇಲಾಗಿ ಇಲ್ಲಿ ದೂರು ಇರೋದೇ ಮಾಲೀಕನ ಮೇಲೆ. ಎರಡೂ ಕಾರಣಕ್ಕೆ ಇದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತೆ. ಬೆಂಗಳೂರು ನಗರ ಜಿಲ್ಲಾಧಿಕಾರಿ ಕಚೇರಿ ಕೆಂಪೇಗೌಡ ರಸ್ತೆಯಲ್ಲಿದೆ, ಅಲ್ಲಿ ಕೇಳಿ. ಕೇಂದ್ರ ಸರ್ಕಾರದ ಶೀ ಬಾಕ್ಸ್ ಪೋರ್ಟಲ್‌ನಲ್ಲೂ ಹಾಕಬಹುದು. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆಗೆ 90 ದಿನ.

ನಗು ಬಗ್ಗೆ: ನಕ್ಕರೆ ಒಪ್ಪಿದಂತೆ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಕೋಡು ಬಳೆ 404:
ಸರಿ, ತಪ್ಪಾಯ್ತು. ಇದು ಗೊತ್ತಿರಲಿಲ್ಲ.

ರಾಗಿ ರೊಟ್ಟಿ:
ಲೈಂಗಿಕ ಕಿರುಕುಳಕ್ಕೆ ಪೊಲೀಸ್ ಕೇಸು, ಐಪಿಸಿ 354ಎ ಹಾಕಿಸಿ ಒಳಗೆ ಕೂರಿಸಿ. ಸಮಿತಿ ಗಿಮಿತಿ ಯಾಕೆ?

ಕರಿ ಕೋಟು:
2024ರ ಜುಲೈ 1ರಿಂದ ಐಪಿಸಿ ಇಲ್ಲ ಸ್ವಾಮಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 75. ಪೊಲೀಸ್ ದಾರಿಯೂ ಇದೆ, ಸಮಿತಿಯೂ ಇದೆ. ಒಂದು ಹಿಡಿದರೆ ಇನ್ನೊಂದು ಬಿಡಬೇಕು ಅಂತಿಲ್ಲ. ಯಾವುದು ಬೇಕು ಅಂತ ಹೇಳಬೇಕಾದವರು ಅವರು, ನಾವಲ್ಲ.

ಮೆಂತ್ಯ ಸೊಪ್ಪು:
ನಂದು ಇಂಟರ್‌ವ್ಯೂ ಕಥೆ ಅಲ್ಲ, ಕ್ಲೈಂಟ್ ಕಥೆ. ಮೂರು ವರ್ಷದ ಹಿಂದೆ ವೈಟ್‌ಫೀಲ್ಡ್ ಕಡೆ ಒಂದು ಹೋಟೆಲ್‌ನಲ್ಲಿ ಮೀಟಿಂಗ್. ಬರಬೇಕಿದ್ದ ನಮ್ಮ ಮ್ಯಾನೇಜರ್ "ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ನೀನೇ ನಡೆಸಮ್ಮ" ಅಂದ. ಕ್ಲೈಂಟ್ ಕಡೆಯವನು ಮೊದಲ ಸ್ಲೈಡ್‌ನಿಂದಲೇ ಮೆಸೇಜ್ ಶುರು ಮಾಡಿದ. ಎದುರಿಗೆ ಕೂತಿದ್ದಾನೆ, ನನ್ನ ಫೋನ್ ಟುಂಯ್ ಅನ್ನುತ್ತೆ. "ಈ ಬಣ್ಣ ನಿಮಗೆ ಒಪ್ಪುತ್ತೆ." ಎರಡನೇ ಸ್ಲೈಡ್. ಟುಂಯ್. "ರೂಮ್ 6ನೇ ಫ್ಲೋರ್‌ನಲ್ಲಿದೆ." ನಾನು ಬೆಲೆಪಟ್ಟಿ ವಿವರಿಸುತ್ತಾ ಇದ್ದೇನೆ, ಅವನು ತಲೆ ಆಡಿಸುತ್ತಾ ಟೈಪ್ ಮಾಡ್ತಾ ಇದ್ದಾನೆ. ಪಕ್ಕದಲ್ಲಿ ಅವನ ಜೂನಿಯರ್ ನೋಟ್ಸ್ ಬರೀತಾ ಇದ್ದಾನೆ ಪಾಪ, ಅವನಿಗೆ ಏನೂ ಗೊತ್ತಿಲ್ಲ.

ಮಾರನೇ ದಿನ ಮ್ಯಾನೇಜರ್‌ಗೆ ಸ್ಕ್ರೀನ್‌ಶಾಟ್ ತೋರಿಸಿದೆ. "ದೊಡ್ಡ ಅಕೌಂಟ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದ. ಆ ಮೆಸೇಜ್‌ಗಿಂತ ಈ "ಅಮ್ಮ" ಜಾಸ್ತಿ ಚುಚ್ಚಿತು.

ಸಿಹಿ ಪೊಂಗಲ್:
ಈ ಊರಲ್ಲಿ ಬಸ್ ಸೀಟಿನಿಂದ ಮರ್ಯಾದೆವರೆಗೂ ಎಲ್ಲದಕ್ಕೂ ಅದೇ ಪದ. ಸ್ವಲ್ಪ ಅಡ್ಜಸ್ಟ್ ಮಾಡಿ.

ದರ್ಶಿನಿ ದೋಸೆ:
ಬಸ್ ಸೀಟಿಗಾದರೂ ಅರ್ಥ ಇದೆ. ಎರಡು ಜನರ ಸೀಟಲ್ಲಿ ಮೂರು ಜನ ಕೂತಿದ್ದು ನೋಡಿದ್ದೀನಿ. 😄

ಬೈಟು ಕಾಫಿ:
@ಮೆಂತ್ಯ ಸೊಪ್ಪು, ಆಮೇಲೆ ಏನಾಯ್ತು?

ಮೆಂತ್ಯ ಸೊಪ್ಪು:
ಬೇರೆ ಅಕೌಂಟ್‌ಗೆ ಹಾಕಿದರು. ನನ್ನನ್ನು. ಅವನು ಈಗಲೂ ಅಲ್ಲೇ ಇದ್ದಾನೆ. ಇನ್ಸೆಂಟಿವ್ ಹೋಯ್ತು.

ಕರಿ ಕೋಟು:
ಮೆಂತ್ಯ ಸೊಪ್ಪು ಅವರೇ, ಕೆಲಸದ ಮೇಲೆ ಹೋದ ಹೋಟೆಲ್ಲೂ ಕೆಲಸದ ಸ್ಥಳವೇ. ಆಫೀಸ್ ಕ್ಯಾಬ್ ಕೂಡ. ಕಿರುಕುಳ ಕೊಟ್ಟವನು ಬೇರೆ ಕಂಪನಿಯವನು, ನಾವೇನು ಮಾಡೋಕಾಗುತ್ತೆ ಅಂತ ನಿಮ್ಮ ಕಂಪನಿ ಕೈ ಚೆಲ್ಲುವ ಹಾಗಿಲ್ಲ. ನೀವು ಬಯಸಿದರೆ ಹೊರಗಿನವನ ಮೇಲೆ ಪೊಲೀಸ್ ಕ್ರಮ ಶುರುಮಾಡಿಸೋದು, ದೂರು ಕೊಡೋಕೆ ಜೊತೆ ನಿಲ್ಲೋದು ಮಾಲೀಕರ ಹೊಣೆ ಅಂತ ಪಾಶ್ ಕಾಯ್ದೆಯ ಕಲಂ 19ರಲ್ಲಿ ಇದೆ. ಇನ್ನೊಂದು ಗೊಂದಲವೂ ಇತ್ತು: ದೂರು ಅವನ ಕಂಪನಿಯ ಸಮಿತಿಗೇ ಕೊಡಬೇಕಾ, ನಮ್ಮದಕ್ಕಾ ಅಂತ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿದೆ. ಹೆಣ್ಣುಮಗಳು ತಾನು ಕೆಲಸ ಮಾಡುವ ಕಡೆಯ ಸಮಿತಿಗೇ ಕೊಡಬಹುದು.

ಪೀಣ್ಯ ಪಾಳಿ:
ಇಲ್ಲಿ ಮಾತಾಡ್ತಿರೋರೆಲ್ಲ ಲ್ಯಾಪ್‌ಟಾಪ್ ಜನ. ನಮ್ಮ ಪೀಣ್ಯ ಕಡೆ ಬನ್ನಿ. ಎಂಟು ಮಷೀನು, ಆರು ಹೆಂಗಸರು, ಒಬ್ಬ ಸೂಪರ್‌ವೈಸರ್. ಇಂಟರ್‌ವ್ಯೂ ಅಂದರೆ ಗೇಟಲ್ಲಿ ನಿಂತು ಮೇಲಿಂದ ಕೆಳಗೆ ನೋಡೋದು. "ನಾಳೆಯಿಂದ ಬಾ" ಅಷ್ಟೇ. ಅವರಿಗೆ ಪಾಶ್ ಅಂದರೆ ಏನು ಅಂತ ಯಾರು ಹೇಳ್ತಾರೆ? ನೋಟಿಸ್ ಬೋರ್ಡ್‌ನಲ್ಲಿ ಒಂದು ಹಾಳೆ ಅಂಟಿಸಿದ್ದಾರೆ, ಇಂಗ್ಲಿಷ್‌ನಲ್ಲಿ.

ಮಾಜಿ ಎಚ್‌ಆರ್:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವೂ ಇಂಗ್ಲಿಷ್‌ನಲ್ಲೇ ಅಂಟಿಸುತ್ತಿದ್ದೆವು.

ಒನ್ ವೇ ಒಂಟೆ:
ಎಲ್ಲಾ ಸರಿ. ಸುಳ್ಳು ದೂರು ಕೊಟ್ಟರೆ ಗಂಡಸಿನ ಗತಿ ಏನು? ಅದರ ಬಗ್ಗೆ ಯಾರೂ ಮಾತಾಡಲ್ಲ.

ದರ್ಶಿನಿ ದೋಸೆ:
ಬಂತಪ್ಪಾ. ಇನ್ನೂ ಯಾಕೆ ಬಂದಿಲ್ಲ ಅಂದುಕೊಂಡೆ.

ಕರಿ ಕೋಟು:
ಕೇಳಲಿ ಬಿಡಿ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಕ್ರಮಕ್ಕೆ ಪಾಶ್ ಕಾಯ್ದೆಯಲ್ಲೇ ಕಲಂ 14 ಇದೆ. ಆದರೆ ಸಾಬೀತು ಮಾಡೋಕೆ ಆಗಲಿಲ್ಲ ಅನ್ನೋದೊಂದೇ ಕಾರಣಕ್ಕೆ ಅದು ಸುಳ್ಳು ದೂರು ಆಗಲ್ಲ ಅಂತಲೂ ಅಲ್ಲೇ ಇದೆ. ಹೆಸರು ಗುಟ್ಟಾಗಿಡಬೇಕು ಅನ್ನೋ ನಿಯಮ ಇಬ್ಬರನ್ನೂ ಕಾಯುತ್ತೆ, ಆರೋಪಿಯನ್ನೂ ಸೇರಿಸಿ.

ಒನ್ ವೇ ಒಂಟೆ:
ಓಕೆ. ಆದರೂ ಈಗ ಹೆಂಗಸರನ್ನ ಇಂಟರ್‌ವ್ಯೂ ಮಾಡೋಕೇ ಭಯ.

ಮಾಜಿ ಎಚ್‌ಆರ್:
ಭಯ ಯಾಕೆ? ಜಡೆ ಮುಟ್ಟಬೇಡಿ, ಆಯ್ತು.

ಹಾಲು ಬೂತ್:
ನಾನು ಗಂಡಸು. 23 ವರ್ಷದವನಿದ್ದಾಗ ಮೊದಲ ಕೆಲಸದ ಇಂಟರ್‌ವ್ಯೂ. ಎದುರಿಗಿದ್ದವರು ಐವತ್ತು ದಾಟಿದ ಸಾಹೇಬರು. "ಜಿಮ್‌ಗೆ ಹೋಗ್ತೀಯಾ?" ಅಂತ ತೋಳು ಹಿಸುಕಿದರು. ಆಮೇಲೆ ಕೈ ಅಲ್ಲೇ ಇತ್ತು. ನಾನೂ ನಕ್ಕೆ. ಹನ್ನೊಂದು ವರ್ಷ ಆಯ್ತು, ಮನೆಯಲ್ಲೂ ಹೇಳಿಲ್ಲ. ಇಲ್ಲೇ ಮೊದಲು ಬರೀತಿರೋದು.

ಬನಶಂಕರಿ ಬಸ್ಸು:
ಬರೆದಿದ್ದಕ್ಕೆ ಥ್ಯಾಂಕ್ಸ್ ಅಣ್ಣ.

ಕರಿ ಕೋಟು:
ಪಾಶ್ ಕಾಯ್ದೆಯಲ್ಲಿ ದೂರು ಕೊಡೋಕೆ ಆಗೋದು ಮಹಿಳೆಯರಿಗೆ ಮಾತ್ರ, ಅದು ನಿಜ. ಆದರೆ ಎಷ್ಟೋ ಕಂಪನಿಗಳು ತಮ್ಮ ನಿಯಮದಲ್ಲಿ ಎಲ್ಲರನ್ನೂ ಸೇರಿಸಿಕೊಂಡಿವೆ. ಸೇರುವಾಗ ಆ ಪುಟ ಓದಿ. ಯಾರೂ ಓದಲ್ಲ.

ಜಯನಗರ ನಾಲ್ಕನೇ ಟೀ ಬ್ಲಾಕ್:
ಇನ್ನೊಂದು ಇದೆ. "ಪೂರ್ತಿ ಹೆಸರೇನು? ಅಂದ್ರೆ ಸರ್‌ನೇಮ್? ಯಾವ ಕಡೆಯವರು? ಮನೇಲಿ ನಾನ್‌ವೆಜ್ಜಾ?" ಇಂಟರ್‌ವ್ಯೂನಲ್ಲಿ ನನಗೆ ಈ ನಾಲ್ಕೂ ಇದೇ ಸಾಲಿನಲ್ಲಿ ಬಂದಿವೆ. ಮೈ ಮುಟ್ಟಲಿಲ್ಲ, ಆದರೂ ಮುಟ್ಟಿದ ಹಾಗೇ ಆಯ್ತು.

ಸಿಹಿ ಪೊಂಗಲ್:
ಬಾಡಿಗೆ ಮನೆ ಹುಡುಕೋವಾಗಲೂ ಇದೇ ನಾಲ್ಕು ಪ್ರಶ್ನೆ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಬೇರೆ ನಾವೇ ಕೊಡಬೇಕು.

ದರ್ಶಿನಿ ದೋಸೆ:
ನಮ್ಮ ಓನರ್ ಮೊಟ್ಟೆ ಓಕೆ ಅಂದಿದ್ದಾರೆ. ಆಮ್ಲೆಟ್ ಅಂದ್ರೆ ಯೋಚನೆ ಮಾಡಿ ಹೇಳ್ತಾರಂತೆ.

ಮಾಡರೇಟರ್:
ಬಾಡಿಗೆ ಮನೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಮತ್ತೆ ದಯವಿಟ್ಟು ಯಾರೂ ಕಂಪನಿಯ ಹೆಸರು ಊಹೆ ಮಾಡಬೇಡಿ. ಎರಡು ಕಾಮೆಂಟ್ ತೆಗೆದಿದ್ದೇನೆ.

ಹಳೇ ಸ್ಟೆನೋ:
ನನಗೀಗ 66. ಮಗಳು ಈ ಚರ್ಚೆ ಓದಿ ಹೇಳಿದಳು, ಅವಳ ಫೋನಿನಿಂದಲೇ ಬರೀತಿದ್ದೀನಿ.

1984ರಲ್ಲಿ ಮಲ್ಲೇಶ್ವರದಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಒಂದು ಆಫೀಸಿಗೆ ಸ್ಟೆನೋ ಆಗಿ ಸೇರಿದೆ. ಸಾಹೇಬರು ಎಲ್ಲರೂ ಹೋದ ಮೇಲೆ ಡಿಕ್ಟೇಷನ್‌ಗೆ ಕರೆಯುತ್ತಿದ್ದರು. ಎರಡು ಸಾಲು ಕಾಗದ, ಒಂದು ಸಾಲು ನನ್ನ ಸೀರೆ ಬಗ್ಗೆ. ಮತ್ತೆ ಎರಡು ಸಾಲು ಕಾಗದ, ಒಂದು ಸಾಲು "ಮನೆಗೆ ಹೋಗಿ ಏನು ಮಾಡ್ತೀಯಾ, ಸಿನಿಮಾಗೆ ಬಾ". ಕೆಲಸದ ಕಡೆ ಕಿರುಕುಳ ತಡೆಯೋಕೆ ಸುಪ್ರೀಂ ಕೋರ್ಟ್ ಕೊಟ್ಟ ವಿಶಾಖಾ ತೀರ್ಪು ಬಂದಿದ್ದು 1997ರಲ್ಲಿ. ನಮ್ಮ ಕಾಲಕ್ಕೆ ಏನು ಇತ್ತು? ದೂರು ಅನ್ನೋ ಮಾತೇ ಇರಲಿಲ್ಲ. ಕೆಲಸ ಬಿಡು ಅನ್ನೋರು.

ಶಾರ್ಟ್‌ಹ್ಯಾಂಡ್‌ನಲ್ಲಿ ಕಿವಿಗೆ ಬಿದ್ದ ಸದ್ದು ಬರೀತೀವಿ, ಯಾವ ಭಾಷೆ ಆದರೂ ಆಗುತ್ತೆ. ನಾನು ಕೈ ನಿಲ್ಲಿಸಲಿಲ್ಲ. ಎಲ್ಲವನ್ನೂ ಬರೆದುಕೊಂಡೆ, ಸೀರೆಯನ್ನೂ, ಸಿನಿಮಾವನ್ನೂ. ಒಂದು ದಿನ ಸಂಜೆ ಹೆಡ್ ಕ್ಲರ್ಕ್ ಸಹಿಗೆ ಅಂತ ಒಳಗೆ ಬಂದರು. ಸಾಹೇಬರು ಅಭ್ಯಾಸದಂತೆ "ರೀಡ್ ಇಟ್ ಬ್ಯಾಕ್" ಅಂದರು. ಓದಿದೆ. ಅವರು ಹೇಳಿದ ಸಾಲಿನಲ್ಲೇ, ಒಂದೂ ಬಿಡದೆ. ಸೀರೆ ಬಂದಾಗ ಹೆಡ್ ಕ್ಲರ್ಕ್ ಕನ್ನಡಕ ತೆಗೆದು ಒರೆಸಿಕೊಂಡರು. ಸಿನಿಮಾ ಬಂದಾಗ ಸಾಹೇಬರು "ಇರಲಿ, ಇರಲಿ, ನಾಳೆ ನೋಡೋಣ" ಅಂದರು.

ಆ ನಾಳೆ ಬರಲೇ ಇಲ್ಲ. ಡಿಕ್ಟೇಷನ್ ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆದೇ ಆಯ್ತು. ಎರಡು ವರ್ಷ ನನ್ನ ಪ್ರಮೋಷನ್ ಮಾತ್ರ ತಡೆದರು, ಅದನ್ನೂ ಹೇಳಿಬಿಡ್ತೀನಿ.

ಬೈಟು ಕಾಫಿ:
ಅಮ್ಮಾ, ಕಾಲಿಗೆ ಬಿದ್ದೆ. 🙏

ಮೆಂತ್ಯ ಸೊಪ್ಪು:
ಕನ್ನಡಕ ಒರೆಸಿಕೊಂಡರು ಅನ್ನೋ ಕಡೆ ನಾನು ಕ್ಯಾಬ್‌ನಲ್ಲಿ ಜೋರಾಗಿ ನಕ್ಕೆ. ಡ್ರೈವರ್ ತಿರುಗಿ ನೋಡಿದರು.

ಮಾಜಿ ಎಚ್‌ಆರ್:
ಇದೇ ಉಪಾಯ ಈಗಲೂ ನಡೆಯುತ್ತೆ. ಚೀಲದಿಂದ ಡೈರಿ, ಪೆನ್ನು ತೆಗೆಯಿರಿ. "ಇನ್ನೊಂದು ಸಲ ಹೇಳ್ತೀರಾ ಸಾರ್, ಬರ್ಕೊಳ್ತೀನಿ" ಅನ್ನಿ. ಮೊಬೈಲ್ ತೆಗೆದರೆ ಜಗಳಕ್ಕೆ ನಿಲ್ಲುತ್ತಾರೆ, ಪೆನ್ನು ತೆಗೆದರೆ ನೀರು ಕುಡೀತಾರೆ. ಹೊರಗೆ ಬಂದ ಕೂಡಲೇ ತಾರೀಕು, ಗಂಟೆ, ಹೇಳಿದ ಮಾತು, ಅಲ್ಲಿ ಯಾರಿದ್ದರು, ಎಲ್ಲಾ ಬರೆದು ನಿಮಗೆ ನೀವೇ ಮೇಲ್ ಹಾಕಿಕೊಳ್ಳಿ. ತಿಂಗಳಾದ ಮೇಲೆ ಬರೆದರೆ ನಿಮಗೇ ಅನುಮಾನ ಶುರುವಾಗುತ್ತೆ.

ರಾಗಿ ರೊಟ್ಟಿ:
ಅವನು ಕೆಟ್ಟವನಾಗಿದ್ರೆ? ಒಬ್ಬಳೇ ಇರುವಾಗ ಡೈರಿ ತೆಗೆಯೋಕೆ ಧೈರ್ಯ ಬೇಡ್ವಾ?

ಮಾಜಿ ಎಚ್‌ಆರ್:
ಆಗ ಡೈರಿ ಬೇಡ, ಫೋನ್ ಬಂತು ಅಂತ ಎದ್ದು ಬನ್ನಿ. ಬ್ಯಾಗ್ ಅಲ್ಲೇ ಬಿಟ್ಟಾದರೂ ಸರಿ. 112 ಇದೆ. ಒಬ್ಬರೇ ಇರೋ ಆಫೀಸು, ಮನೆ, ಹೋಟೆಲ್ ರೂಮು ಅಂದರೆ ಮೊದಲೇ ಯಾರಿಗಾದರೂ ಲೈವ್ ಲೊಕೇಷನ್ ಕಳಿಸಿರಿ. ಹೋಟೆಲ್ ರೂಮಿನಲ್ಲಿ ಇಂಟರ್‌ವ್ಯೂ ಅಂದರೆ ಲಾಬಿಯಲ್ಲಿ ಕೂರೋಣ ಅನ್ನಿ. ಬೇಡ ಅಂದರೆ ಅದೇ ಉತ್ತರ.

ಯಲಹಂಕ ಲೋಕಲ್:
ಒಂದು ಟೀಮ್ ನೋಡಿಕೊಳ್ಳುತ್ತೇನೆ, ಏಳು ಜನ. ಕ್ಲೈಂಟ್ ಹತ್ತಿರ ಯಾರೂ ಒಬ್ಬರೇ ಹೋಗಲ್ಲ, ಗಂಡಸರೂ ಸೇರಿ. ಡಿನ್ನರ್ ಇಲ್ಲ, ಲಂಚ್ ಮಾತ್ರ. ಒಂದು ಸಲ ಕ್ಲೈಂಟ್ ನಮ್ಮ ಹುಡುಗಿಗೆ "ನೀನು ಮಾತಾಡಬೇಡ, ಸುಮ್ನೆ ಕೂತಿರು, ನೋಡೋಕೆ ಚೆನ್ನಾಗಿದೆ" ಅಂದ. ನಾನು ಲ್ಯಾಪ್‌ಟಾಪ್ ಮುಚ್ಚಿ "ಈ ಪ್ರಾಜೆಕ್ಟ್ ನಡೆಸೋದು ಅವರೇ. ಅವರು ಮಾತಾಡಲ್ಲ ಅಂದರೆ ಮೀಟಿಂಗ್ ಇಲ್ಲ" ಅಂದೆ. ಕಾಂಟ್ರ್ಯಾಕ್ಟ್ ಹೋಯ್ತು. ನಮ್ಮ ಬಾಸ್ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಟ್ರಾಫಿಕ್ ತಪಸ್ವಿ:
ಕಾಂಟ್ರ್ಯಾಕ್ಟ್ ಹೋಯ್ತು ಅಂತ ನೀವೇ ಹೇಳ್ತಿದ್ದೀರಿ. ಎಲ್ಲಾ ಮ್ಯಾನೇಜರ್‌ಗೂ ಅದು ಆಗುತ್ತಾ? ಇಎಂಐ ಇರುತ್ತೆ.

ಯಲಹಂಕ ಲೋಕಲ್:
ನನಗೂ ಇಎಂಐ ಇದೆ ಗುರು. ಇನ್ನೂ ಹದಿನಾರು ವರ್ಷ.

ಬನಶಂಕರಿ ಬಸ್ಸು:
ಅಪ್‌ಡೇಟ್. ನಿನ್ನೆ ರಾತ್ರಿ ಮೇಲ್ ಹಾಕಿದೆ. ಮೂರೇ ಸಾಲು. ಆಫರ್ ಬೇಡ. ಗುರುವಾರ ಇಂಟರ್‌ವ್ಯೂನಲ್ಲಿ ನೀವು ನನ್ನ ಖಾಸಗಿ ಬದುಕಿನ ಬಗ್ಗೆ ಕೇಳಿದ್ದು, ಕ್ಲೈಂಟ್ ಬಗ್ಗೆ ಆಡಿದ ಮಾತು, ನನ್ನ ಜಡೆ ಮುಟ್ಟಿದ್ದು ಕಾರಣ. ನನಗದು ಬೇಡವಾಗಿತ್ತು.

ಹನ್ನೆರಡು ನಿಮಿಷಕ್ಕೆ ಉತ್ತರ ಬಂತು. "ಕೂದಲು ಮುಟ್ಟಿದ್ದು ಜಸ್ಟ್ ಕಾಂಪ್ಲಿಮೆಂಟ್ ಅಷ್ಟೇ. ನೀವೂ ನಕ್ಕಿರಿ ಅಲ್ವಾ? ಈಗ ಯಾಕೆ ದೊಡ್ಡದು ಮಾಡ್ತೀರಿ?"

ಓದಿ ಮತ್ತೆ ಕೈ ನಡುಗಿತು. ಅದೇ ನಗುವನ್ನೇ ಹಿಡಿದುಕೊಂಡ ನೋಡಿ.

ಕರಿ ಕೋಟು:
ನಡುಗಬೇಡಿ. ಆ ಮೇಲ್ ಯಾವ ಕಾರಣಕ್ಕೂ ಡಿಲೀಟ್ ಮಾಡಬೇಡಿ. "ಮುಟ್ಟಿದ್ದು" ಅಂತ ತಾನೇ ಬರೆದುಕೊಟ್ಟಿದ್ದಾನೆ. ನಡೆದೇ ಇಲ್ಲ ಅನ್ನೋಕೆ ಈಗ ಆಗಲ್ಲ. ಅವನು ನಿಮ್ಮ ನಗುವನ್ನು ಹಿಡಿದುಕೊಳ್ಳೋಕೆ ಹೋಗಿ ತನ್ನ ಕೈಯನ್ನೇ ತೋರಿಸಿಬಿಟ್ಟ. ಉತ್ತರ ಬರೆಯಬೇಡಿ.

ದರ್ಶಿನಿ ದೋಸೆ:
ರೀಡ್ ಇಟ್ ಬ್ಯಾಕ್!

ಬನಶಂಕರಿ ಬಸ್ಸು:
ದೂರು ಬರೆದಿದ್ದೇನೆ, ಕನ್ನಡದಲ್ಲೇ, ಎರಡೂವರೆ ಪುಟ. ಎಷ್ಟು ಪ್ರತಿ ಬೇಕು?

ಕರಿ ಕೋಟು:
ಆರು. ಮೇಲ್‌ನ ಪ್ರಿಂಟ್ ಪ್ರತಿಯೊಂದಕ್ಕೂ ಸೇರಿಸಿ. ಊಟಕ್ಕೆ ಇಳಿದ ಆ ಹುಡುಗನ ಹೆಸರು ಗೊತ್ತಿದ್ದರೆ ಸಾಕ್ಷಿ ಅಂತ ಹಾಕಿ. ನೀವು ಮತ್ತೆ ಕೆಳಗಿಳಿದಾಗ ಮುಖ ನೋಡಿರುತ್ತಾನೆ.

ಬನಶಂಕರಿ ಬಸ್ಸು:
ಈಗ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೇನೆ. ಅಂಗಡಿಯವರು ಆರು ಸೆಟ್‌ಗೂ ಪಿನ್ ಹೊಡೆದು "ಕಾಲೇಜ್ ಪ್ರಾಜೆಕ್ಟಾ ಮೇಡಂ?" ಅಂತ ಕೇಳಿದರು. ಹೌದು ಅಂದುಬಿಟ್ಟೆ.

ಬೈಟು ಕಾಫಿ:
ಸೋಮವಾರ ನನಗೆ ರಜೆ. ಜಿಲ್ಲಾಧಿಕಾರಿ ಕಚೇರಿಗೆ ಒಬ್ಬರೇ ಹೋಗಬೇಡಿ. ಹತ್ತು ಗಂಟೆಗೆ ಮೆಜೆಸ್ಟಿಕ್ ಮೆಟ್ರೋದಲ್ಲಿ ಇಳಿಯಿರಿ, ಅಲ್ಲಿಂದ ನಡೆದುಕೊಂಡು ಹೋಗೋಣ. ಪೆನ್ನು ನಾನು ತರ್ತೀನಿ, ಅಲ್ಲಿ ಯಾರೂ ಕೊಡಲ್ಲ.